ಅರ್ಧ ಹೊಚ್ಚಿದ ಚೀಟಿಗಳು

ಆ ದಿನ ಬೆಳಿಗ್ಗೆ ತಂಗಿ ಅವಲಕ್ಕಿ ತಟ್ಟೆಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ನಿಂತುಕೊಂಡೇ ತಿನ್ನುತ್ತಿದ್ದಳು. ಎಡಗೈಯಲ್ಲಿ ಫೋನು. ಕೂತು ತಿನ್ನೇ ಎಂದು ನನ್ನ ಹೆಂಡತಿ ಹೇಳುವುದು, ಟೈಮಿಲ್ಲ ಅತ್ತಿಗೆ ಎಂದು ಅವಳು ಹೇಳುವುದು ನಮ್ಮ ಮನೆಯಲ್ಲಿ ದಿನವೂ ನಡೆಯುತ್ತಿದ್ದದ್ದೇ.

"ಅಣ್ಣ, ಗದಗಿನ ಮನೆಯ ಮುತ್ತಜ್ಜಿ, ಅಜ್ಜಿ ಇಬ್ರೂ ಸಿಕ್ಕಿದ್ರು" ಎಂದಳು, ಕಳೆದುಹೋದ ಮೂಗುತಿ ಸಿಕ್ಕಿತು ಎನ್ನುವ ಹಾಗೆ.

"ಯಾರು ಹೇಳಿದ್ರು?"

"ಅವರ ಸೋದರತ್ತೆ, ಹುಬ್ಬಳ್ಳೀಲಿದಾರೆ. ಕಿವಿ ಕೇಳಲ್ಲ. ಮುಕ್ಕಾಲು ಗಂಟೆ ಕಿರುಚಿದೀನಿ. ಕೆಳಗಿನ ಮನೆ ಚಾಚಿ ಮೇಲೆ ಬಂದು, ಯಾರಿಗೇನಾಯ್ತು ಅಂತ ಕೇಳಿ ಹೋದ್ರು."

"ತವರಿನ ಹೆಸರೋ, ಗಂಡನ ಮನೇದೋ?"

"ಎರಡೂನೂ. ನಾನು ಬಿಡ್ತೀನಾ?"

ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು, ಸಂಜೆ ಬರುವಾಗ ಹಾಲು ತಾನೇ ತರುತ್ತೇನೆಂದು ಕೂಗಿ ಮೆಟ್ಟಿಲಿಳಿದಳು. ನಾನು ತಲೆ ಎತ್ತಿ ನೋಡಲಿಲ್ಲ. ಆ ದಿನ ಆಂಧ್ರದ ಎರಡು ಕುಟುಂಬಗಳ ಕೆಲಸವಿತ್ತು, ದರ್ಭೆ ಎಣಿಸುತ್ತಿದ್ದೆ.

ಮರುದಿನ ಬೆಳಿಗ್ಗೆ ಸಾರನಾಥಕ್ಕೆ ಹೋಗುವ ಆಟೋದಲ್ಲಿ ಅವಳಿಗೆ ತಲೆನೋವು ಬಂತು. ಪಾಂಡೇಪುರದ ಹತ್ತಿರ ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಹೆಗಲ ಮೇಲೆ ತಲೆಯಿಟ್ಟಳಂತೆ. ಆಟೋದವನೇ ಆಸ್ಪತ್ರೆಗೆ ಒಯ್ದ. ಮೆದುಳಿನಲ್ಲಿ ರಕ್ತಸ್ರಾವವಾಗಿದೆ ಎಂದರು. ಮೂರನೆಯ ದಿನ ಹೋದಳು. ನಲವತ್ತಮೂರು ವರ್ಷ. ಮದುವೆಯಾಗಿರಲಿಲ್ಲವಾದ್ದರಿಂದ ಎಲ್ಲವನ್ನೂ ನಾನೇ ಮಾಡಿದೆ. ಹರಿಶ್ಚಂದ್ರ ಘಾಟ್ ನಮ್ಮ ಮನೆಯಿಂದ ನಾಲ್ಕು ಗಲ್ಲಿ ದೂರ. ಊರೂರಿನಿಂದ ಬಂದವರನ್ನು ಅಲ್ಲಿಗೆ ಎಷ್ಟು ಸಲ ಕರೆದುಕೊಂಡು ಹೋಗಿದ್ದೇನೆಂಬ ಲೆಕ್ಕವಿಲ್ಲ. ಅವತ್ತು ಮಾತ್ರ ದಾರಿಯುದ್ದಕ್ಕೂ ಬೇರೆಯವರು ನನ್ನ ತೋಳು ಹಿಡಿದುಕೊಂಡಿದ್ದರು.

ನಮ್ಮದು ಪುರೋಹಿತರ ಮನೆ. ಅಜ್ಜನ ಕಾಲದಿಂದ ಕಾಶಿಯ ಕೇದಾರ ಘಾಟಿನ ಹಿಂದೆಯೇ ಇದ್ದೇವೆ. ಕರ್ನಾಟಕದಿಂದ ಪಿತೃಕಾರ್ಯಕ್ಕೆ ಬರುವವರಿಗೆ ನಾವು ಗೊತ್ತು, ಅವರ ಮನೆತನಗಳು ನಮಗೆ ಗೊತ್ತು. ಒಬ್ಬ ಬಂದು ಕೂತರೆ ಅವನ ತಂದೆ, ಅಜ್ಜ, ಮುತ್ತಜ್ಜನ ಹೆಸರು ಹೇಳಿ ಪಿಂಡ ಇಡಿಸಬೇಕು. ಹಾಗೆಯೇ ತಾಯಿ, ಅಜ್ಜಿ, ಮುತ್ತಜ್ಜಿ. ಗಂಡಸರ ಹೆಸರನ್ನು ಜನ ಪಟಪಟ ಹೇಳುತ್ತಾರೆ. ಅಜ್ಜಿಯ ಹೆಸರು ಕೇಳಿದ ಕೂಡಲೇ ಪಕ್ಕದವರ ಮುಖ ನೋಡುತ್ತಾರೆ. ಅಜ್ಜಿಗೆ ನಾವು ಅಜ್ಜಿ ಅಂತಲೇ ಕರೀತಿದ್ವಿ ಭಟ್ರೇ ಎನ್ನುತ್ತಾರೆ. ನಮ್ಮ ತಂದೆ ಅಂಥ ಹೊತ್ತಿನಲ್ಲಿ ಯಾವುದಾದರೂ ನದಿಯ ಹೆಸರು ಹೇಳಿಸಿ ಮುಂದೆ ಹೋಗುತ್ತಿದ್ದರು. ಅವರ ನೋಟ್‌ಬುಕ್ಕುಗಳಲ್ಲಿ ಇರುವುದೂ ಗಂಡಸರ ಹೆಸರುಗಳೇ.

ತಂಗಿಗೆ ಏಳೋ ಎಂಟೋ ವರ್ಷವಿದ್ದಾಗ ಒಂದು ದಿನ ತಂದೆಯನ್ನು ಕೇಳಿದ್ದಳು: "ಅಪ್ಪ, ಎಲ್ಲರ ಅಜ್ಜಿಯರ ಹೆಸರೂ ಗಂಗೇನೇ ಯಾಕೆ?" ತಂದೆ ನಕ್ಕು ಅವಳ ತಲೆ ಸವರಿದ್ದರು. ಅವಳು ನಗಲಿಲ್ಲ.

ಅವಳಿಗೆ ಸಾರನಾಥದ ಒಂದು ವಿದ್ಯಾಸಂಸ್ಥೆಯ ಕಚೇರಿಯಲ್ಲಿ ಕೆಲಸ. ಅಲ್ಲಿ ಕಂಪ್ಯೂಟರಿನಲ್ಲಿ ಒಂದು ಬಿಳಿ ಬೋರ್ಡು ಇತ್ತು. ಗೋಡೆಯ ಮೇಲಿನ ಬೋರ್ಡಿನ ಹಾಗೆಯೇ, ಆದರೆ ಎಷ್ಟು ಸರಿಸಿದರೂ ಅದಕ್ಕೆ ಅಂಚಿಲ್ಲ. ಅದರ ಮೇಲೆ ಬಣ್ಣದ ಚೀಟಿ ಅಂಟಿಸಿದಂತೆ ಬರೆದು, ಬೇಕಾದ ಕಡೆ ಇಡಬಹುದು. ಕಚೇರಿಯವರು ಅದರಲ್ಲಿ ಕೆಲಸದ ಯೋಜನೆ ಹಾಕಿಕೊಳ್ಳುತ್ತಿದ್ದರು. ತಂಗಿ ಅವರನ್ನು ಕೇಳಿಯೇ ಅದರಲ್ಲಿ ನಮ್ಮ ಮನೆಗೆಂದು ಒಂದು ಬೋರ್ಡು ಮಾಡಿದಳು. ಒಂದೊಂದು ಮನೆತನಕ್ಕೆ ಒಂದೊಂದು ಚೌಕ. ಮೇಲೆ ಊರಿನ ಹೆಸರು, ಗೋತ್ರ. ಎಡಗಡೆ ಗಂಡಸರು, ಬಲಗಡೆ ಹೆಂಗಸರು. ತಂದೆಯ ನೋಟ್‌ಬುಕ್ಕು ನೋಡಿ ಎಡಗಡೆಯದನ್ನು ಒಂದೇ ತಿಂಗಳಲ್ಲಿ ಮುಗಿಸಿದಳು. ಬಲಗಡೆಗೆ ಒಂಬತ್ತು ವರ್ಷ ಹಿಡಿಯಿತು. ಅದೂ ಮುಗಿದಿರಲಿಲ್ಲ.

ದಿನವೂ ಸಂಜೆ ಫೋನು. ಯಾರದೋ ಚಿಕ್ಕಮ್ಮ, ಯಾರದೋ ನಾದಿನಿ. ಹೆಂಗಸರ ಹೆಸರು ಹುಡುಕುವುದರಲ್ಲಿ ಇನ್ನೊಂದು ತೊಡಕಿತ್ತು. ನಮ್ಮ ಕಡೆ ಹಿಂದೆಲ್ಲ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಾಯಿಸುತ್ತಿದ್ದರು. ತವರಿನಲ್ಲಿ ಒಂದು, ಗಂಡನ ಮನೆಯಲ್ಲಿ ಇನ್ನೊಂದು. ಹೇಳುವವರು ತವರಿನವರಾದರೆ ಒಂದು ಹೆಸರು ಬರುತ್ತಿತ್ತು, ಸೊಸೆಯಂದಿರಾದರೆ ಇನ್ನೊಂದು. ತಂಗಿ ಎರಡನ್ನೂ ಬೇರೆ ಬೇರೆ ಚೀಟಿಯಲ್ಲಿ ಬರೆದು, ಒಂದರ ಮೇಲೆ ಇನ್ನೊಂದನ್ನು ಅರ್ಧ ಹೊಚ್ಚಿ ಇಡುತ್ತಿದ್ದಳು. ಹೊಚ್ಚಿದ್ದರೆ ಅದು ಒಬ್ಬಳೇ ಹೆಂಗಸು, ಮೇಲಿನದು ಕರ್ಮದಲ್ಲಿ ಹೇಳಬೇಕಾದ ಹೆಸರು. ಬಿಡಿಯಾಗಿದ್ದರೆ ಬೇರೆ ಹೆಂಗಸು. ಇದನ್ನು ಅವಳು ಎಲ್ಲಿಯೂ ಬರೆದಿಡಲಿಲ್ಲ. ನೋಡಿದರೆ ತಿಳಿಯುತ್ತಿತ್ತಲ್ಲ. ನಾನು ಘಾಟಿನಲ್ಲಿ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಪಕ್ಕದಲ್ಲಿ ತೆರೆದುಕೊಂಡು, ತಾಯಿ, ಅಜ್ಜಿ, ಮುತ್ತಜ್ಜಿ ಎಂದು ಮೇಲಿನಿಂದ ಕೆಳಕ್ಕೆ ಓದುತ್ತಾ ಹೋಗುತ್ತಿದ್ದೆ. ಓದುವುದಷ್ಟೇ ನನ್ನ ಕೆಲಸ ಎಂದುಕೊಂಡಿದ್ದೆ.

ಅವಳ ಹದಿಮೂರನೆಯ ದಿನ ಕಳೆದ ಮೇಲೆ ಅವಳ ಸಹೋದ್ಯೋಗಿಯೊಬ್ಬರು ಮನೆಗೆ ಬಂದರು. ಅವಳ ಪಕ್ಕದ ಮೇಜಿನ ಹೆಂಗಸು, ಅವಳಿಗಿಂತ ಸ್ವಲ್ಪ ಚಿಕ್ಕವರು, ಇದೇ ಊರಿನವರು. ಹಿಂದಿಯಲ್ಲೇ ಮಾತು. ತುಂಬ ಸಂಕೋಚದಿಂದ ಹೇಳಿದರು: ಕಚೇರಿಯವರು ಆ ಬೋರ್ಡನ್ನು ಬಿಟ್ಟು ಬೇರೆ ಕಂಪನಿಯದಕ್ಕೆ ಹೋಗುತ್ತಿದ್ದಾರೆ, ಈ ತಿಂಗಳ ಕೊನೆಗೆ ಹಳೆಯ ಖಾತೆಗಳೆಲ್ಲ ಮುಚ್ಚುತ್ತವೆ, ಅವಳ ಖಾತೆಯೂ ಅದರಲ್ಲಿದೆ.

"ಭೈಯಾ, ದೀದಿ ಮಾಡಿದ್ದು ಹಾಳಾಗಬಾರದು. ನಿಮ್ಮ ಹೆಸರಿನಲ್ಲೇ ಹೊಸದರಲ್ಲಿ ಒಂದು ಜಾಗ ಮಾಡಿ, ಎಲ್ಲವನ್ನೂ ಅಲ್ಲಿಗೆ ಸಾಗಿಸಿಕೊಡುತ್ತೇನೆ. ನನಗೆ ನಿಮ್ಮ ಲಿಪಿ ಓದಲು ಬರುವುದಿಲ್ಲ. ಸರಿಯಾಗಿ ಬಂದಿದೆಯೋ ಇಲ್ಲವೋ ನೀವೇ ನೋಡಬೇಕು."

ಆಗಲಿ ಎಂದೆ. ಆ ದಿನಗಳಲ್ಲಿ ಯಾರು ಏನು ಹೇಳಿದರೂ ಆಗಲಿ ಎನ್ನುತ್ತಿದ್ದೆ.

ಎರಡು ದಿನ ಬಿಟ್ಟು ಲ್ಯಾಪ್‌ಟಾಪ್ ಹಿಡಿದು ಬಂದರು. ಹಳೆಯದರಿಂದ ಒಂದು ಕಡತ ಇಳಿಸಿ ಹೊಸದಕ್ಕೆ ಏರಿಸಿದರಂತೆ. ಹೊಸದು ಚೀಟಿಯೊಳಗಿನ ಅಕ್ಷರಗಳನ್ನು ಒಂದೂ ಬಿಡದೆ ಓದಿಕೊಂಡಿದೆ, ಚೌಕಗಳೂ ಬಂದಿವೆ, ಆದರೆ ಚೌಕದೊಳಗೆ ಚೀಟಿಗಳನ್ನು ತನಗೆ ತೋಚಿದಂತೆ ಸಾಲಾಗಿ ಜೋಡಿಸಿದೆ ಎಂದರು.

"ಜಾಗ ಹಿಂದೆಮುಂದೆ ಆಗಿರಬಹುದು ಭೈಯಾ. ಗಮನವಿಟ್ಟು ನೋಡಿ."

ನಾನು ತಂದೆಯ ನೋಟ್‌ಬುಕ್ಕುಗಳನ್ನು ಹೊರತೆಗೆದೆ. ಬೇರೆ ಯಾವುದರ ಜೊತೆ ತಾಳೆ ನೋಡಬೇಕು ಎಂದು ಹೊಳೆಯಲೇ ಇಲ್ಲ. ಎರಡು ದಿನ ಕೂತು ನೂರಕ್ಕೂ ಹೆಚ್ಚು ಮನೆತನಗಳನ್ನು ಒಂದೊಂದಾಗಿ ನೋಡಿದೆ. ತಂದೆ, ಅಜ್ಜ, ಮುತ್ತಜ್ಜ. ಎಲ್ಲ ಸರಿಯಾಗಿತ್ತು. ತಂಗಿ ಗಂಡಸರ ಹೆಸರನ್ನು ನೋಟ್‌ಬುಕ್ಕು ನೋಡಿ ಒಂದೇ ಸಲಕ್ಕೆ ಬರೆದದ್ದರಿಂದ ಅವು ಬರೆದ ಕ್ರಮದಲ್ಲೇ ಬಂದು ಕೂತಿದ್ದವು. ಬಲಗಡೆ ಹೆಂಗಸರ ಚೀಟಿಗಳು ಅಂಗಡಿಯ ಡಬ್ಬಿಗಳಂತೆ ಒಪ್ಪವಾಗಿ ನಿಂತಿದ್ದವು. ಮೊದಲಿಗಿಂತ ಇದೇ ಚೆಂದ ಎಂದು ನನಗೆ ಅನ್ನಿಸಿತು. ಅನ್ನಿಸಿದ್ದು ನಿಜ, ಅದಕ್ಕೇ ಬರೆಯುತ್ತಿದ್ದೇನೆ. ಹೆಂಗಸರ ಹೆಸರುಗಳಿವೆಯೋ ಇಲ್ಲವೋ ಎಂದು ನೋಡಿದೆನೇ ಹೊರತು, ಯಾವುದು ಎಲ್ಲಿದೆ ಎಂದು ನೋಡಲಿಲ್ಲ.

ಮೂರನೆಯ ದಿನ ಆಕೆ ಫೋನು ಮಾಡಿ ಕೇಳಿದರು.

"ಎಲ್ಲ ಸರಿಯಾಗಿದೆ" ಎಂದೆ.

"ಹಳೆಯದರ ಚಿತ್ರ ತೆಗೆದಿಟ್ಟುಕೊಳ್ಳುತ್ತೀರಾ? ತುಂಬ ದೊಡ್ಡ ಬೋರ್ಡು, ತುಂಡು ತುಂಡಾಗಿ ತೆಗೆಯಬೇಕು. ಒಂದು ಅರ್ಧ ದಿನ ಹಿಡಿಯಬಹುದು. ನಾನೇ ಬಂದು ತೆಗೆದುಕೊಡುತ್ತೇನೆ."

ಬೇಡ ಎಂದುಬಿಟ್ಟೆ. ಅವರಿಗೆ ತೊಂದರೆ ಯಾಕೆ ಎಂದು ಕಾರಣ ಕೊಟ್ಟೆ. ಕಾರಣ ಅದಾಗಿರಲಿಲ್ಲ. ಹಳೆಯ ಬೋರ್ಡು ತೆರೆದರೆ ಮೂಲೆಯಲ್ಲಿ ತಂಗಿಯ ಚಿಕ್ಕ ಫೋಟೋ ಬರುತ್ತಿತ್ತು. ಅದನ್ನು ಅರ್ಧ ದಿನ ಎದುರಿಗಿಟ್ಟುಕೊಂಡು ಕೂರುವ ಶಕ್ತಿ ನನಗಿರಲಿಲ್ಲ. ತಿಂಗಳು ಮುಗಿಯಿತು, ಖಾತೆ ಮುಚ್ಚಿತು.

ಹನ್ನೊಂದು ದಿನಗಳ ಮೇಲೆ ಗದಗಿನವರು ಬಂದರು. ಕಾರ್ಯ ಮಾಡುವವನಿಗೆ ಐವತ್ತು ವರ್ಷವಿರಬಹುದು, ತಂದೆ ತಾಯಿ ಇಬ್ಬರೂ ಇಲ್ಲ. ಜೊತೆಗೆ ಅವನ ದೊಡ್ಡಪ್ಪನ ಹೆಂಡತಿ, ಎಂಬತ್ತು ದಾಟಿದ ಹೆಂಗಸು. ಗಲ್ಲಿಗಳಲ್ಲಿ ನಡೆಯಲಾಗದೆ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ಇಬ್ಬರು ಹೊತ್ತು ತಂದಿದ್ದರು. ಲಾಡ್ಜಿನ ಕೆಳಗಿನ ಹಜಾರದಲ್ಲಿ ಕಾರ್ಯ ಶುರುವಾಯಿತು. ತಂಗಿ ಹೋದ ಮೇಲೆ ನಾನು ಮಾಡಿಸುತ್ತಿದ್ದ ಮೂರನೆಯದೋ ನಾಲ್ಕನೆಯದೋ ಕೆಲಸ ಅದು. ಹಿಂದಿನವರು ನಾನು ಹೇಳಿಸಿದ್ದನ್ನೆಲ್ಲ ಹೇಳಿ, ನಮಸ್ಕಾರ ಮಾಡಿ ಹೋಗಿದ್ದರು.

ಗಂಡಸರ ಪಿಂಡಗಳಾದವು. ಫೋನಿನಲ್ಲಿ ಬಲಗಡೆಗೆ ಸರಿದೆ. ತಾಯಿಯ ಹೆಸರು ಹೇಳಿಸಿದೆ. ಅಜ್ಜಿಯ ಹೆಸರು ಹೇಳಿಸಿದೆ.

"ಭಟ್ರ, ಸ್ವಲ್ಪ ನಿಂದರ್ರಿ" ಎಂದು ಕುರ್ಚಿಯಿಂದ ದನಿ ಬಂತು. "ಅಕಿ ನಮ್ಮತ್ತಿ ಅಲ್ಲ."

"ದೊಡ್ಡಮ್ಮ, ಸುಮ್ಮಕಿರು. ಅವರಿಗೆ ಗೊತ್ತಿರ್ತದ" ಎಂದ ಅವನು.

"ಏನ್ ಗೊತ್ತಿರ್ತದೋ? ಅತ್ತಿ ಕೂಡ ಬಾಳೆ ಮಾಡಿದಾಕಿ ನಾನೋ ಭಟ್ರೋ?" ಎಂದು ನನ್ನ ಕಡೆ ತಿರುಗಿದರು. "ನೀವು ಹೇಳಿದ್ದು ನಮ್ಮತ್ತಿಯ ಅತ್ತಿ ಹೆಸರು ನೋಡ್ರಿ. ಜೀವ ಇದ್ದಾಗ ಇಬ್ಬರಿಗೂ ಒಬ್ಬರ ಮಾರಿ ಒಬ್ಬರು ಕಂಡ್ರ ಆಗ್ತಿದ್ದಿಲ್ಲ. ಈಗ ಇಕಿ ಕೂಳು ಅಕಿಗೆ ಕೊಟ್ಟು, ಅಲ್ಲೂ ಜಗಳ ಹಚ್ಚಬ್ಯಾಡ್ರಿ."

ಹಜಾರದಲ್ಲಿ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಮತ್ತೆ ಫೋನಿನ ಕಡೆ ನೋಡಿದೆ. ಅಜ್ಜಿಯ ಜಾಗದಲ್ಲಿದ್ದದ್ದು ಮುತ್ತಜ್ಜಿಯ ಹೆಸರು. ಮುತ್ತಜ್ಜಿಯ ಜಾಗದಲ್ಲಿದ್ದದ್ದು ಏನೆಂದು ಆಕೆಯನ್ನೇ ಕೇಳಿದೆ. ಅದು ಅವರ ಅತ್ತೆಯ ತವರಿನ ಹೆಸರಂತೆ. ಚೌಕದಲ್ಲಿ ಐದು ಚೀಟಿಗಳಿದ್ದವು, ಮೂವರು ಹೆಂಗಸರಿಗೆ. ಯಾವುದೂ ಯಾವುದನ್ನೂ ಹೊಚ್ಚಿರಲಿಲ್ಲ. ಆಗ ನನಗೆ ತಿಳಿಯಿತು. ಪಿಂಡ ತೆಗೆದು ಪಕ್ಕಕ್ಕಿಟ್ಟು, ಆಕೆಯನ್ನು ಕೇಳಿ ಕೇಳಿ ಮತ್ತೆ ಮೊದಲಿನಿಂದ ಹೇಳಿಸಿದೆ.

ಎಲ್ಲ ಮುಗಿದು ಅವರನ್ನು ಊಟಕ್ಕೆ ಎಬ್ಬಿಸುವಾಗ ಆಕೆ ಕೇಳಿದರು. "ನಮ್ಮ ನಾದಿನಿ ಕೂಡ ಫೋನಿನ್ಯಾಗ ಒಂದು ಹೆಣ್ಮಗಳು ಮಾತಾಡಿದ್ಳಂತಲ್ಲ. ನಿಮ್ಮ ತಂಗಿ ಏನು? ಎಲ್ಲಿದ್ದಾಳ ಅಕಿ? ಮಾರಿ ನೋಡ್ಬೇಕಂತ ಹೇಳಿ ಕಳಿಸ್ಯಾಳ. ನಮ್ಮ ಮನ್ಯಾಗಿನವರಾರೂ ಕೇಳದ ಮಾತು ಅಕಿ ಕೇಳಿದ್ಳಂತ."

ತೀರಿಕೊಂಡಳು ಎಂದೆ.

"ಯಾವಾಗ?"

"ಅವರ ಜೊತೆ ಮಾತಾಡಿದ ಮೂರು ನಾಲ್ಕು ದಿನಕ್ಕೆ."

ಆಕೆ ಏಳಲು ಹೊರಟವರು ಹಾಗೆಯೇ ಕೂತು, "ನಾದಿನಿಗೆ ನಾ ಏನಂತ ಹೇಳ್ಲಿ?" ಎಂದರು.

ಮನೆಗೆ ಬಂದು ಕೈಕಾಲು ತೊಳೆಯದೆ ಬೋರ್ಡು ತೆರೆದೆ. ಒಂದಾದ ಮೇಲೊಂದು ಚೌಕ ನೋಡಿದೆ. ಎಲ್ಲ ಕಡೆಯೂ ಅದೇ. ಅವಳು ಹೆಸರು ಸಿಕ್ಕಿದ ಹಾಗೆ ಚೀಟಿ ಮಾಡಿದ್ದಳು, ಯಾರಿಗೆ ಯಾವುದು ಮೊದಲು ನೆನಪಾಯಿತೋ ಹಾಗೆ. ಆಮೇಲೆ ಅದನ್ನು ಅದರ ಜಾಗಕ್ಕೆ ಸರಿಸುತ್ತಿದ್ದಳು. ಹೊಸ ಬೋರ್ಡಿಗೆ ಚೀಟಿ ಮಾಡಿದ್ದು ಮಾತ್ರ ತಿಳಿದಿತ್ತು, ಸರಿಸಿದ್ದು ತಿಳಿದಿರಲಿಲ್ಲ. ನಾಲ್ಕು ಹೆಸರು, ಐದು ಹೆಸರು, ಆರು ಹೆಸರು. ಯಾರು ಯಾರ ಸೊಸೆ, ಯಾವ ಎರಡು ಹೆಸರು ಒಬ್ಬಳದು, ಯಾವುದಕ್ಕೂ ಗುರುತಿಲ್ಲ. ಈ ನಡುವೆ ಕಾರ್ಯ ಮಾಡಿಸಿಕೊಂಡು ನಮಸ್ಕಾರ ಮಾಡಿ ಹೋದವರಿಗೆ ಯಾವ ಹೆಸರುಗಳನ್ನು ಹೇಳಿಸಿದೆನೋ.

ಸಾರನಾಥಕ್ಕೆ ಫೋನು ಮಾಡಿದೆ. ಆ ಸಹೋದ್ಯೋಗಿ ಪೂರ್ತಿ ಕೇಳಿಸಿಕೊಂಡರು. ನಾನು ಹೇಳಿದ್ದೆನಲ್ಲ ಎಂದು ಅನ್ನಬಹುದಿತ್ತು. ಅನ್ನಲಿಲ್ಲ. ಎರಡು ದಿನ ಅವರಿವರನ್ನು ವಿಚಾರಿಸಿ, ಹಳೆಯ ಕಂಪನಿಗೂ ಬರೆದು ನೋಡಿದರು. "ಇಲ್ಲ ಭೈಯಾ. ಮುಚ್ಚಿದ ಮೇಲೆ ಅವರ ಬಳಿಯೂ ಉಳಿಯುವುದಿಲ್ಲವಂತೆ" ಎಂದರು. ಅವರು ಇಳಿಸಿಟ್ಟುಕೊಂಡಿದ್ದ ಕಡತದಲ್ಲಿಯೂ ಅಕ್ಷರಗಳಷ್ಟೇ ಇದ್ದವು. ತಮ್ಮದೇ ತಪ್ಪು ಎನ್ನುತ್ತಾ ಹೋದರು. ನಾನೇ ಸಮಾಧಾನ ಹೇಳಿದೆ. ತಪ್ಪು ಅವರದಲ್ಲ. ಸರಿಯಾಗಿದೆ ಎಂದವನು ನಾನು.

ಅವತ್ತಿನಿಂದ ಸಂಜೆ ಫೋನು ಮಾಡುವ ಕೆಲಸ ನನ್ನದಾಯಿತು. ಸುಮಾರು ಮನೆಗಳದು ಸುಲಭವಾಗಿ ಸರಿಹೋಯಿತು. ಯಾತ್ರಿಕರು ಬರುವ ಮುಂಚೆ ತಂಗಿ ಕೆಲವು ಸಲ ಅವರ ಚೌಕದ ಚಿತ್ರವನ್ನು ನನಗೆ ವಾಟ್ಸಾಪಿನಲ್ಲಿ ಕಳಿಸುತ್ತಿದ್ದಳು, ಘಾಟಿನಲ್ಲಿ ನೆಟ್ ಸಿಗದಿದ್ದರೆ ಇರಲಿ ಎಂದು. ಅವಳ ಆ ಸಂದೇಶಗಳನ್ನೆಲ್ಲ ಹಿಂದಕ್ಕೆ ಹಿಂದಕ್ಕೆ ಸರಿಸಿ ನೋಡಿದೆ. ಚಿತ್ರಗಳ ನಡುವೆ ಬೇರೆ ಮಾತುಗಳೂ ಇದ್ದವು. ಗ್ಯಾಸ್ ಬಂತಾ. ಛತ್ರಿ ಬಿಟ್ಟು ಹೋಗಿದೀಯ. ಇವತ್ತು ಆಟೋದವರ ಹರತಾಳ, ಬಸ್ಸಿಗೆ ಬರ್ತೀನಿ, ಲೇಟು. ಅವನ್ನು ಓದದೆ ದಾಟಲು ಕಲಿತೆ. ಒಂದೊಂದು ದಿನ ಕಲಿತದ್ದು ಮರೆಯುತ್ತಿತ್ತು.

ಉಳಿದವರಿಗೆ ಫೋನು. ಅವಳಿಗೆ ಇದ್ದ ಬಾಯಿ ನನಗಿಲ್ಲ. ನಾನು ಗಂಡಸು, ಕಾಶಿಯ ಭಟ್ಟರು ಎಂದ ಕೂಡಲೇ ಹೆಂಗಸರು ಫೋನನ್ನು ಮಗನಿಗೋ ಗಂಡನಿಗೋ ಕೊಡುತ್ತಾರೆ. ಅವರಿಗೆ ಗೊತ್ತಿರುವುದಿಲ್ಲ. ಮತ್ತೆ ಅಮ್ಮನಿಗೆ ಕೊಡಿ ಎಂದು ಕೇಳಿದರೆ, ಏನು ವಿಷಯ ಎಂದು ಸ್ವಲ್ಪ ಗಡುಸಾಗಿ ಕೇಳುತ್ತಾರೆ. ಒಂದು ದಿನ ಹೆಂಡತಿ ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

"ಏನ್ರೀ, ಹಂಗೆ ಜನಗಣತಿಯವರ ಥರ ಕೇಳಿದ್ರೆ ಯಾರು ಹೇಳ್ತಾರೆ? ಅವಳು ಮೊದ್ಲು ಹತ್ತು ನಿಮಿಷ ಮಂಡಿನೋವಿನ ಕಥೆ ಕೇಳ್ತಿದ್ಲು. ಆಮೇಲೆ ಹೆಸರು."

ಆಮೇಲೆ ಅವಳೇ ಕೆಲವು ಮನೆಗಳಿಗೆ ಮಾಡಿಕೊಟ್ಟಳು. ನಾನೂ ಮಂಡಿನೋವಿನ ಕಥೆ ಕೇಳಲು ಕಲಿತೆ. ಬಳ್ಳಾರಿಯ ಒಬ್ಬಾಕೆ ನನ್ನ ಪ್ರಶ್ನೆ ಮುಗಿಯುವ ಮೊದಲೇ ಸಿಡುಕಿದರು: "ಎಲ್ಲಾ ಹೇಳಿದೀನಲ್ಲಪ್ಪ ಆ ಹುಡುಗಿಗೆ! ಎಷ್ಟು ಸಲ ಹೇಳೋದು? ಅವಳನ್ನ ಕೇಳು, ಬರಕೊಂಡಿದಾಳೆ." ಅವರಿಗೆ ಅವಳು ಹೋದದ್ದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಬರೆದದ್ದು ಕಲಸಿಹೋಗಿದೆ ಎಂದೆ. "ಹಂಗಾದ್ರೆ ಅವಳೇ ಫೋನ್ ಮಾಡ್ಲಿ, ಅವಳ ಹತ್ರ ಆದ್ರೆ ಹೇಳ್ತೀನಿ" ಎಂದರು. ಮಾರನೆಯ ದಿನ ಮತ್ತೆ ಮಾಡಿ, ಹೋದ ವಿಷಯ ಹೇಳಿದೆ. ಆಮೇಲೆ ಮೆಲ್ಲಗೆ, ಒಂದೊಂದೇ ಹೆಸರು, ಯಾರಾದ ಮೇಲೆ ಯಾರು ಎಂದು ಹೇಳಿದರು. ನಾನು ಕೇಳದಿದ್ದ ಒಂದು ಹೆಸರನ್ನೂ ಸೇರಿಸಿದರು, ಎಳವೆಯಲ್ಲೇ ತೀರಿಕೊಂಡ ತಮ್ಮ ನಾದಿನಿಯದನ್ನು.

ಈಗ ಎಂಟು ತಿಂಗಳಾಗುತ್ತಾ ಬಂತು. ಬೆಳಿಗ್ಗೆ ಘಾಟು, ಮಧ್ಯಾಹ್ನ ಒಂದು ಗಳಿಗೆ ನಿದ್ದೆ, ಸಂಜೆ ಇದು. ಸರಿಹೋದ ಮನೆಯ ಚೀಟಿಗಳನ್ನು ಬೆರಳಲ್ಲಿ ಎಳೆದು ಒಂದರ ಮೇಲೊಂದು ಅರ್ಧ ಹೊಚ್ಚುತ್ತೇನೆ. ಫೋನಿನ ಪರದೆ ಚಿಕ್ಕದು, ನನ್ನ ಬೆರಳು ದಪ್ಪ. ಒಂದನ್ನು ಸರಿಸಲು ಹೋದರೆ ಇನ್ನೊಂದು ಬರುತ್ತದೆ. ಗೊತ್ತಾಗದವರ ಚೌಕಕ್ಕೆ ಬೇರೆ ಬಣ್ಣ ಹಚ್ಚಿದ್ದೇನೆ. ಆ ಮನೆಯವರು ಬಂದರೆ ಕೂರುವ ಮೊದಲೇ ವಿಷಯ ಹೇಳಿಬಿಡುತ್ತೇನೆ. ಕೆಲವರು ಪರವಾಗಿಲ್ಲ ಬಿಡಿ ಭಟ್ರೇ, ಯಾವುದೋ ಒಂದು ಹೇಳಿ ಎನ್ನುತ್ತಾರೆ. ನಾನು ಯಾವುದೋ ಒಂದು ಹೇಳುವುದಿಲ್ಲ. ಅವರ ಮನೆಯ ಯಾವುದಾದರೂ ಹಳೆಯ ಹೆಂಗಸಿನ ನಂಬರು ಕೇಳುತ್ತೇನೆ.

ಹದಿನಾಲ್ಕು ಮನೆಗಳಿಗೆ ಅಂಥ ನಂಬರೂ ಇಲ್ಲ. ತಂಗಿಗೆ ಹೇಳಿದವರು ಈಗಿಲ್ಲ, ಅವರಲ್ಲದೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಆ ಮನೆಗಳ ಹೆಸರುಗಳೆಲ್ಲ ಬೋರ್ಡಿನ ಮೇಲಿವೆ, ಅರವತ್ತೇಳು ಚೀಟಿ. ಅವು ಯಾರ ಯಾರ ಹೆಸರು ಎಂಬುದು ಇನ್ನೂ ಸಿಕ್ಕಿಲ್ಲ.